ಎನ್‌ಎಸ್‌ಎಸ್ ಶಿಬಿರದಲ್ಲಿ ಬಾಲ್ಯವಿವಾಹ ಜಾಗೃತಿ: ಜಾಥಾ, ಪ್ರತಿಜ್ಞೆ ಬಿಟ್ಟು ಇನ್ನೇನು ಮಾಡಬಹುದು?

ಕೃಷ್ಣಾತೀರ

ನಮ್ಮದು ರಾಯಚೂರು ಜಿಲ್ಲೆಯ ಡಿಗ್ರಿ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ. ಫೆಬ್ರವರಿಯಲ್ಲಿ ದತ್ತು ಗ್ರಾಮದಲ್ಲಿ 7 ದಿನದ ವಿಶೇಷ ಶಿಬಿರ, 50 ಸ್ವಯಂಸೇವಕರು. ವಿಷಯ ಬಾಲ್ಯವಿವಾಹ ಅಂತ ತೀರ್ಮಾನವಾಗಿದೆ. ಸದ್ಯದ ಯೋಜನೆ: ಉದ್ಘಾಟನೆ ದಿನ ಜಾಥಾ, ನಾಲ್ಕನೇ ದಿನ ಮುಕ್ಕಾಲು ಗಂಟೆಯ ಬೀದಿ ನಾಟಕ, ಸಮಾರೋಪಕ್ಕೆ ಪ್ರತಿಜ್ಞಾವಿಧಿ. ಎಲ್ಲ ಘಟಕಗಳೂ ಇದನ್ನೇ ಮಾಡುತ್ತವೆ, ಊರಿನವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ನಿಜಕ್ಕೂ ಉಪಯೋಗ ಆಗಬೇಕಾದರೆ ಏನು ಬದಲಿಸಬೇಕು? ನಾಟಕಕ್ಕೆ ಮೈಕ್ ಬೇಕಾ? ಶಿಬಿರದ ನಡುವೆಯೇ ಯಾರಾದರೂ ಬಂದು "ಇಂಥವರ ಮನೇಲಿ ಮದುವೆ ಗೊತ್ತಾಗಿದೆ" ಅಂದರೆ ಮುಂದೇನು?

ಹಲಗೆ ಸದ್ದು

ಮುಕ್ಕಾಲು ಗಂಟೆ ಜಾಸ್ತಿಯಾಯಿತು. ನಿಂತು ನೋಡುವ ಜನ 20 ನಿಮಿಷ ದಾಟಿದರೆ ಕರಗುತ್ತಾರೆ. ಮೊದಲು ಎದ್ದು ಹೋಗುವವರು ಹೆಂಗಸರು, ಒಲೆ ಮೇಲೆ ಕೆಲಸ ಇರುತ್ತದೆ. 15ರಿಂದ 18 ನಿಮಿಷ, 8–10 ನಟರು, ಬಾರಿಸಲು ಒಂದು ಹಲಗೆ, ಸಾಕು. ಆಡುವ ಜಾಗದ ಅಡ್ಡಗಲ 20 ಅಡಿ ಮೀರದಿರಲಿ. 150 ಜನರವರೆಗೆ ಮೈಕ್ ಬೇಡವೇ ಬೇಡ. ಒಂದು ಸ್ಟ್ಯಾಂಡ್ ಮೈಕ್ ನೆಟ್ಟರೆ ನಟರೆಲ್ಲ ಅದರ ಮುಂದೆ ಸಾಲು ನಿಂತು ಪಾಠ ಒಪ್ಪಿಸುತ್ತಾರೆ. ಮುಖ್ಯವಾದ ಮಾತನ್ನು ಮೇಳದವರು ಎದುರು ದಿಕ್ಕಿಗೆ ತಿರುಗಿ ಇನ್ನೊಮ್ಮೆ ಹೇಳಿದರೆ ಸುತ್ತ ನಿಂತವರಿಗೆಲ್ಲ ಕೇಳುತ್ತದೆ. ಫೆಬ್ರವರಿ ಸಂಜೆಯ ತಂಪಿಗೆ ಹಲಗೆಯ ಚರ್ಮ ಸಡಿಲಾಗಿ ಸದ್ದು ಸತ್ತುಹೋಗುತ್ತದೆ. ಆಟಕ್ಕೆ ಹತ್ತು ನಿಮಿಷ ಮೊದಲು ಹುಲ್ಲೋ ಕಾಗದವೋ ಉರಿಸಿ, ದೂರದಿಂದ ಕಾಯಿಸಿಕೊಳ್ಳಿ.

ಅದಕ್ಕಿಂತ ದೊಡ್ಡ ತೊಂದರೆ ಕಥೆಯದು. ಕುಡುಕ ಅಪ್ಪ, ಅಳುವ ಮಗಳು, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಪೊಲೀಸ್ ಜೀಪು. ನೋಡುವ ಅಪ್ಪಂದಿರು "ನಾನೇನು ಕುಡುಕನಲ್ಲ" ಅಂದುಕೊಂಡು ಆರಾಮಾಗುತ್ತಾರೆ. ನಿಜವಾದ ಕಾರಣಗಳನ್ನು ತನ್ನಿ: ಅಕ್ಕನ ಮದುವೆಯ ಚಪ್ಪರದಲ್ಲೇ ತಂಗಿಯದೂ ಮುಗಿದರೆ ಖರ್ಚು ಉಳಿಯುತ್ತದೆ, ಗುಳೆ ಹೋಗುವಾಗ ಬೆಳೆದ ಹುಡುಗಿಯನ್ನು ಯಾರ ಹತ್ತಿರ ಬಿಡೋದು, ಹೈಸ್ಕೂಲು ಮುಗಿಯಿತು, ಪಿಯು ಕಾಲೇಜು ದೂರ, ಬಸ್ಸಿಲ್ಲ, ಗಂಡು ಸೋದರಮಾವ, ಮನೆ ಹುಡುಗನೇ ತಾನೆ. ಈ ಅಪ್ಪ ಒಳ್ಳೆಯವನೇ ಆಗಿರಲಿ, ಆಗ ಮಾತು ತಾಗುತ್ತದೆ. ಜೀಪು ತರಬೇಡಿ. ನಿಶ್ಚಿತಾರ್ಥಕ್ಕೂ ಮೊದಲು ಪಕ್ಕದ ಮನೆಯಾಕೆ ಫೋನ್ ಹಿಡಿದು ಮಾಡಲೋ ಬೇಡವೋ ಎನ್ನುವಲ್ಲಿ ಆಟ ನಿಲ್ಲಿಸಿ, ಸುತ್ತ ನಿಂತವರನ್ನು ಕೇಳಿ. ಅರ್ಧ ನಿಮಿಷ ಯಾರೂ ಬಾಯಿ ಬಿಡದಿದ್ದರೂ ಗಾಬರಿಯಾಗಿ ನೀವೇ ಉತ್ತರ ಹೇಳಬೇಡಿ.

ತಾಲ್ಲೂಕು ಕಚೇರಿ ಎದುರು

"ಬಾಲ್ಯವಿವಾಹ ಅಪರಾಧ" ಅನ್ನೋದು ಊರಿಗೆಲ್ಲ ಗೊತ್ತು. ರಾಜ್ಯದಲ್ಲಿ 18ಕ್ಕೆ ಮೊದಲೇ ಮದುವೆಯಾದ 20–24 ವಯಸ್ಸಿನ ಹೆಣ್ಣುಮಕ್ಕಳ ಪ್ರಮಾಣ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 21.4 ಇತ್ತು, 2019–21ರಲ್ಲಿ ಶೇ 21.3. ಅಷ್ಟು ಜಾಥಾಗಳಾದ ಮೇಲೂ. ಗೊತ್ತಿಲ್ಲದಿರುವುದು ಯಾರಿಗೆ ಹೇಳಬೇಕು, ಹೇಳಿದರೆ ಏನಾಗುತ್ತದೆ ಅನ್ನೋದು. ಪ್ರಚಾರ ಪೂರ್ತಿ ಅದರ ಮೇಲೇ ಇರಲಿ.

ಕರೆ ಮಕ್ಕಳ ಸಹಾಯವಾಣಿ 1098ಕ್ಕೆ. ಉಚಿತ, 24 ಗಂಟೆ. ಹುಡುಗಿಯ ಹೆಸರು, ತಂದೆ ತಾಯಿ, ಊರು, ಓದುವ ಶಾಲೆ, ಮದುವೆಯ ದಿನ ಮತ್ತು ಜಾಗ ಗೊತ್ತಿದ್ದಷ್ಟು ಹೇಳಿದರೆ ಸಾಕು. ಕರೆ ಮಾಡಿದವರು ತಮ್ಮ ಹೆಸರು ಹೇಳಬೇಕಿಲ್ಲ. ಊರಲ್ಲೇ ಇರುವ ಬಾಲ್ಯವಿವಾಹ ನಿಷೇಧ ಅಧಿಕಾರಿಗಳೂ ಗೊತ್ತಿರಲಿ: ನಮ್ಮಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ), ಹೆಡ್‌ಮಾಸ್ತರು, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರರಿಗೆಲ್ಲ ಆ ಅಧಿಕಾರ ಇದೆ.

ಶಿಬಿರದಲ್ಲಿ ಸುದ್ದಿ ಬಂದರೆ ವಿದ್ಯಾರ್ಥಿಗಳು ಆ ಮನೆಗೆ ಹೋಗಲೇಬಾರದು. ಹೋದರೆ ಮದುವೆ ನಿಲ್ಲುವುದಿಲ್ಲ, ಜಾಗ ಬದಲಾಗುತ್ತದೆ: ಪಕ್ಕದ ತಾಲ್ಲೂಕಿನ ನೆಂಟರ ಮನೆಯಲ್ಲೋ ಯಾವುದೋ ಗುಡಿಯಲ್ಲೋ ಬೆಳಗಿನ ಜಾವ ಮುಗಿಯುತ್ತದೆ. ಅಧಿಕಾರಿಗಳು ಮದುವೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಬಂದಾಗಲೂ ಎಷ್ಟೋ ಸಲ ಇದೇ ಕಥೆ. ಆ ಅನುಮಾನವಿದ್ದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬೇಕು. ತುರ್ತಿದ್ದರೆ ನೋಟಿಸ್ ಇಲ್ಲದೆಯೂ ಮಧ್ಯಂತರ ಆದೇಶ ಸಿಗುತ್ತದೆ. ಮದುವೆಯ ಜಾಗ ಎಲ್ಲಿಗೆ ಬದಲಾದರೂ ಆ ಆಜ್ಞೆ ಬೆನ್ನಟ್ಟುತ್ತದೆ. ವಯಸ್ಸಿಗೆ ಶಾಲಾ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಜನನ ಪ್ರಮಾಣಪತ್ರ ನೋಡುತ್ತಾರೆ. ಆಧಾರ್ ತೋರಿಸಿದರೆ ಒಪ್ಪಬೇಡಿ.

ಕಾನೂನಿನ ಒಂದೇ ಮಾತು ಹೇಳುವುದಾದರೆ ಇದನ್ನು ಹೇಳಿ: 2016ರ ಕರ್ನಾಟಕ ತಿದ್ದುಪಡಿ ಬಂದಮೇಲೆ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಲೆಕ್ಕದಲ್ಲಿ ಆ ಮದುವೆ ಆಗಿಯೇ ಇಲ್ಲ. ಮಾಡಿಸಿದವರಿಗೂ, ನೆರವಾದವರಿಗೂ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಆದ್ದರಿಂದ ಲಗ್ನಪತ್ರಿಕೆ ಪ್ರೆಸ್ಸು, ಶಾಮಿಯಾನ, ಅಡುಗೆಯವರು, ಪುರೋಹಿತರು, ಫೋಟೊ ಸ್ಟುಡಿಯೊ ಇವರನ್ನೆಲ್ಲ ಐದು ಜನರ ಒಂದು ತಂಡ ಒಂದು ದಿನ ಸುತ್ತಿ ಮಾತಾಡಿಸಲಿ. ಮುಂಗಡ ಪಡೆಯುವ ಮುನ್ನ ವಧುವಿನ ಶಾಲಾ ದಾಖಲೆ ಕೇಳಿ ಎಂದಷ್ಟೇ ಹೇಳಿ. ಜಾಥಾಕ್ಕಿಂತ ಇದು ಹೆಚ್ಚು ಮದುವೆ ತಡೆಯುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಬಡ ಮನೆಗಳಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ವಿಷಯ ಎತ್ತಿ. 2006ರ ಮಾರ್ಚ್ 31ರ ನಂತರ ಹುಟ್ಟಿದ ಬಿಪಿಎಲ್ ಕುಟುಂಬದ ಹೆಣ್ಣುಮಕ್ಕಳಿಗೆ ಸರ್ಕಾರ ಮಾಡಿಸಿದ್ದು. 18ಕ್ಕೆ ಮೊದಲು ಮದುವೆಯಾದರೆ ಆ ಹಣ ಸಿಗುವುದಿಲ್ಲ. ಟ್ರಂಕಿನಲ್ಲಿರುವ ಬಾಂಡ್ ತೆಗೆದು ಓದಿ ತೋರಿಸಿ.

ಗೋಡೆಬರಹ

ಫೆಬ್ರವರಿ ಒಳ್ಳೆಯ ತಿಂಗಳು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ದಿನದಿಂದ ಅಕ್ಷಯ ತೃತೀಯದವರೆಗಿನ ವಾರಗಳೇ ಅಪಾಯದವು, ಮಾತುಕತೆ ಅದಕ್ಕೂ ಮೊದಲೇ ನಡೆಯುತ್ತದೆ. ಹೆಡ್‌ಮಾಸ್ತರರ ಜೊತೆ ಕೂತು 8, 9, 10ನೇ ತರಗತಿಯಲ್ಲಿ ವಾರಗಟ್ಟಲೆ ಬಾರದ ಹುಡುಗಿಯರ ಪಟ್ಟಿ ಅವರಿಂದಲೇ ಪಿಡಿಒಗೆ ಹೋಗುವಂತೆ ಮಾಡಿ.

ಶಿಬಿರ ಮುಗಿದ ಮೇಲೆ ಊರಲ್ಲಿ ಉಳಿಯುವುದು ಗೋಡೆ ಬರಹ ಮಾತ್ರ. ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣದ ಎದುರು ಒಂದೊಂದು. 10×6 ಅಡಿ ಸಾಕು. 1098 ಒಂದು ಅಡಿ ಎತ್ತರ, ಉಳಿದ ಅಕ್ಷರ 6 ಇಂಚು, ಒಟ್ಟು 12 ಪದ ಮೀರಬಾರದು. ಸುಣ್ಣದ ಗೋಡೆ ಮೇಲೆ ನೇರ ಆಯಿಲ್ ಪೇಂಟ್ ಬಳಿದರೆ ಒಂದೇ ಮಳೆಗಾಲಕ್ಕೆ ಚಕ್ಕೆ ಏಳುತ್ತದೆ. ತಂತಿ ಬ್ರಷ್‌ನಿಂದ ಸುಣ್ಣ ಕೆರೆದು, ಪ್ರೈಮರ್ ಹಾಕಿ, ಒಂದು ದಿನ ಒಣಗಲು ಬಿಟ್ಟು ಬರೆಯಿರಿ. ಮನೆ ಗೋಡೆಯಾದರೆ ಮಾಲೀಕರನ್ನೂ ಸರ್ಕಾರಿ ಗೋಡೆಯಾದರೆ ಪಂಚಾಯಿತಿಯನ್ನೂ ಮೊದಲೇ ಕೇಳಿ.

ಕೃಷ್ಣಾತೀರ

ಕಾಲೇಜಿನವರು ರೀಲ್ಸ್ ಕೇಳುತ್ತಿದ್ದಾರೆ. ಊರಿನ ಹುಡುಗಿಯರನ್ನು ಮಾತಾಡಿಸಿ ಹಾಕಬಹುದಾ?

ತಾಲ್ಲೂಕು ಕಚೇರಿ ಎದುರು

ಬೇಡ. ಪ್ರಕರಣದಲ್ಲಿರುವ ಮಗುವಿನ ಹೆಸರು, ಮುಖ, ಶಾಲೆ, ಊರು ಯಾವುದೂ ಹೊರಬೀಳಬಾರದು. ಬಾಲನ್ಯಾಯ ಕಾಯ್ದೆಯ 74ನೇ ಕಲಂ, 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷದವರೆಗೆ ದಂಡ. ಮುಖ ಮಸುಕು ಮಾಡಿದರೂ ಹಿಂದೆ ಕಾಣುವ ಗುಡಿ ನೋಡಿ ಊರು ಹಿಡಿಯುತ್ತಾರೆ. ನಿಮ್ಮ ನಟರದು, ಗೋಡೆಯದು ಹಾಕಿ. ಪ್ರತಿಜ್ಞೆ ಮಾಡಿದವರ ಸಂಖ್ಯೆಯನ್ನು ವರದಿಗೆ ಬರೆಯುವ ಬದಲು, ಕೊನೆಯ ದಿನ 40 ಮನೆಗೆ ಹೋಗಿ "ಯಾವ ನಂಬರ್, ಯಾವ ಅಧಿಕಾರಿ" ಅಂತ ಕೇಳಿ ಎಷ್ಟು ಮಂದಿ ಸರಿ ಹೇಳಿದರು ಅನ್ನೋದನ್ನು ಬರೆಯಿರಿ. ಹೆಂಗಸರದು, ಗಂಡಸರದು ಬೇರೆ ಬೇರೆ ಕಾಲಂ ಇರಲಿ.