ಪದಚರ್ಚೆ: ಡಬ್ಬಿ ಗಿಟಾರಿನ ‘ನಟ್’ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಮ್ಮ ಓಣಿಯ ಹೈಸ್ಕೂಲ್ ಮಕ್ಕಳು ರಜೆಯಲ್ಲಿ ಮೋಡಕಾ ಸಾಮಾನು ಕೂಡಿಸಿ ಮೂರು ತಂತಿಯ ಗಿಟಾರ್ ಮಾಡುತ್ತಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅಳತೆ, ಚಿತ್ರ ಎಲ್ಲ ಆಗಿದೆ. ಭಾಗಗಳ ಹೆಸರಿಗೆ ಬಂದಾಗ ಕೆಲಸ ನಿಂತಿದೆ. ಇಂಗ್ಲಿಷ್ ಹೆಸರುಗಳನ್ನೇ ಇಟ್ಟರೆ ಆಯ್ತಲ್ವಾ ಅಂತ ನೀವು ಕೇಳಬಹುದು. ಹಾಗೆ ಇಟ್ಟರೆ ಮಕ್ಕಳ ಕೈಕೆಲಸವೇ ತಪ್ಪುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಾದ್ಯ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ‘ಸಿಗಾರ್ ಬಾಕ್ಸ್ ಗಿಟಾರ್’. ಅಲ್ಲಿ 19ನೇ ಶತಮಾನದ ನಡುಭಾಗದಿಂದ ಸಿಗಾರುಗಳನ್ನು ಸಣ್ಣ ಮರದ ಪೆಟ್ಟಿಗೆಗಳಲ್ಲಿ ಮಾರತೊಡಗಿದರು. ಖಾಲಿಯಾದ ಪೆಟ್ಟಿಗೆ ಹಗುರ, ಹಲಗೆ ತೆಳು, ಬಡಿದರೆ ಒಳ್ಳೆಯ ದನಿ. ಅದಕ್ಕೊಂದು ಕೋಲು ತೂರಿಸಿ ತಂತಿ ಕಟ್ಟಿದರು. ಎಡ್ವಿನ್ ಫೋರ್ಬ್ಸ್ ಎಂಬ ಚಿತ್ರಕಾರನ 1876ರ ಚಿತ್ರವೊಂದರಲ್ಲಿ ಅಂತರ್ಯುದ್ಧದ ಸೈನಿಕನೊಬ್ಬ ಬಿಡಾರದಲ್ಲಿ ಕೂತು ಸಿಗಾರ್ ಪೆಟ್ಟಿಗೆಯ ಪಿಟೀಲು ನುಡಿಸುತ್ತಿದ್ದಾನೆ. 1884ರಲ್ಲಿ ಡೇನಿಯಲ್ ಬಿಯರ್ಡ್ ಇಂಥದೇ ಪೆಟ್ಟಿಗೆಯಿಂದ ಬ್ಯಾಂಜೋ ಮಾಡುವ ಬಗೆಯನ್ನು ಮಕ್ಕಳಿಗಾಗಿ ಅಚ್ಚು ಹಾಕಿಸಿದ. ಬ್ಲೂಸ್ ಹಾಡುಗಾರ ಲೈಟ್ನಿನ್ ಹಾಪ್ಕಿನ್ಸ್‌ನ ಮೊದಲ ಗಿಟಾರ್ ಕೂಡ ಸಿಗಾರ್ ಪೆಟ್ಟಿಗೆಯದೇ. ಕೊಳ್ಳಲು ದುಡ್ಡಿಲ್ಲದವರು ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿಕೊಂಡ ವಾದ್ಯ ಇದು. ನನಗೆ ಇದರ ಮೇಲೆ ಇಷ್ಟು ಪ್ರೀತಿ ಅದಕ್ಕೇ.

ಇನ್ನು ಹೆಸರಿನ ವಿಷಯ. ‘ಚುಟ್ಟಾ ಪೆಟ್ಟಿಗೆ ಗಿಟಾರ್’ ಅಂತ ಒಬ್ಬ ಗೆಳೆಯರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಅಂಥ ಪೆಟ್ಟಿಗೆ ಇಲ್ಲಿ ಯಾರೂ ಕಂಡಿಲ್ಲ. ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು, ನಮ್ಮ ಜಿಲ್ಲೆಯದೇ. ಆದರೂ ಬೀಡಿ ಬರುವುದು ಕಾಗದದ ಕಟ್ಟಿನಲ್ಲಿ, ಚುಟ್ಟಾ ಸಿಗುವುದು ಬಿಡಿಯಾಗಿ. ಮರದ ಪೆಟ್ಟಿಗೆ ಎಲ್ಲಿಂದ ಬರಬೇಕು? ನಮ್ಮ ಮಕ್ಕಳು ತಂದದ್ದು ಬಿಸ್ಕಿಟ್ ಡಬ್ಬಿ, ಹಳೇ ಪ್ಲೈವುಡ್ ಪೆಟ್ಟಿಗೆ, ಎಣ್ಣೆ ಡಬ್ಬಿ. ‘ಖೋಕಾ’ ಅನ್ನೋಣ ಅಂದರೆ ಬೆಳಗಾವಿಯಲ್ಲಿ ಅದು ರಸ್ತೆಬದಿಯ ಗೂಡಂಗಡಿಯೂ ಹೌದು. ಮಕ್ಕಳು ತಾವಾಗಿಯೇ ‘ಡಬ್ಬಿ ಗಿಟಾರ್’ ಅನ್ನುತ್ತಿದ್ದಾರೆ. ಅದೇ ಇರಲಿ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಕಷ್ಟ ಇರುವುದು ‘ನಟ್’ನಲ್ಲಿ. ತಂತಿಗಳು ತಮ್ಮನ್ನು ಬಿಗಿಯುವ ಬಿರಡೆಗಳ ಕಡೆ ಹೋಗುವ ಮುಂಚೆ ಒರಗುವ ಸಣ್ಣ ಅಡ್ಡಪಟ್ಟಿಗೆ ಇಂಗ್ಲಿಷಿನಲ್ಲಿ ಈ ಹೆಸರು. ಕಾರ್ಖಾನೆಯ ಗಿಟಾರಿನಲ್ಲಿ ಅದು ಎಲುಬಿನದೋ ಪ್ಲಾಸ್ಟಿಕ್ಕಿನದೋ ಇರುತ್ತದೆ. ಡಬ್ಬಿ ಗಿಟಾರಿನಲ್ಲಿ ಅಲ್ಲಿ ಒಂದು ಬೋಲ್ಟನ್ನು ಅಡ್ಡ ಮಲಗಿಸುತ್ತಾರೆ. ಬೋಲ್ಟಿನ ಥ್ರೆಡ್ ಸಂದಿಯಲ್ಲಿ ತಂತಿ ಕೂತರೆ ಅತ್ತಿತ್ತ ಜಾರುವುದಿಲ್ಲ. ಹೀಗಾಗಿ ಇಂಗ್ಲಿಷ್ ಹೆಸರು ಇಟ್ಟಾಗ ಕೈಪಿಡಿಯ ವಾಕ್ಯ ‘ನಟ್ ಜಾಗದಲ್ಲಿ ಬೋಲ್ಟ್ ಇಡಿ’ ಅಂತ ಆಗುತ್ತದೆ! ಉದ್ಯಮಬಾಗದಲ್ಲಿ ಫೌಂಡ್ರಿ, ಮಶೀನ್ ಶಾಪುಗಳು ಸಾಲಾಗಿರುವ ಊರು ಇದು. ಇಲ್ಲಿನ ಮಕ್ಕಳಿಗೆ ನಟ್ಟು ಬೋಲ್ಟು ಅಂದರೆ ಏನೆಂದು ಚೆನ್ನಾಗಿ ಗೊತ್ತು. ಕರಡು ಓದಿದ ಹುಡುಗಿಯೊಬ್ಬಳು ಬೋಲ್ಟ್ ಕೈಯಲ್ಲಿ ಹಿಡಿದು, “ಇದರ ನಟ್ಟ ಎಲ್ಲೈತ್ರಿ? ಎಲ್ಲಿ ತಿರುವಬೇಕ್ರಿ?” ಅಂತ ಕೇಳಿದಳು. ವಾಕ್ಯಕ್ಕೆ ಅವಳು ಹಚ್ಚಿದ ಅರ್ಥವೇ ಸಹಜವಾದದ್ದು.

ವೀಣೆಯ ಮಾತಿನಲ್ಲಿ ಈ ಜಾಗಕ್ಕೆ ‘ಮೇರು’ ಎಂಬ ಹೆಸರಿದೆ. ಆದರೆ ಮಕ್ಕಳಿಗೆ ಮೇರು ಅಂದರೆ ಪರ್ವತ. ಭಜನಾ ಮಂಡಳಿಯವರ ಏಕತಾರಿ, ತಂಬೂರಿ ರಿಪೇರಿ ಮಾಡುವ ಬಡಿಗ ಕಾಕಾ ಒಬ್ಬರನ್ನು ಕೇಳಿದೆ. ಅವರು ಎರಡೂ ತುದಿಗೆ ಬೆರಳಿಟ್ಟು ತೋರಿಸಿದರು: “ಇದು ಮ್ಯಾಲಿನ ಕುದರಿ, ಅದು ಕೆಳಗಿನ ಕುದರಿ. ಎರಡರ ನಡುವ ಎಷ್ಟು ತಂತಿ ಐತೆಲ್ಲ, ಅಷ್ಟ ಹಾಡತೈತಿ ನೋಡ್ರಿ.” ಮಾಡುವವರಿಗೆ ಬೇಕಾದ ಮಾತು ಪೂರ್ತಿ ಅದರಲ್ಲೇ ಇದೆ. ಅಳತೆ ಹಿಡಿಯಬೇಕಾದದ್ದು ಕುದುರೆಯಿಂದ ಕುದುರೆಗೆ, ಕೋಲಿನ ತುದಿಯಿಂದ ಅಲ್ಲ ಅನ್ನುವುದು ಹೆಸರಿನಲ್ಲೇ ತಿಳಿಯುತ್ತದೆ. ಹಾಗಾಗಿ ನನ್ನ ಒಲವು ‘ಮೇಲಿನ ಕುದುರೆ’ ಕಡೆಗಿದೆ. ಆದರೆ ಇದು ಅವರೊಬ್ಬರ ಮಾತೋ, ಬೇರೆ ಕಡೆಯೂ ನಡೆಯುತ್ತದೋ? ಮಿರಜಿನ ಸಿತಾರ್, ತಂಬೂರಿ ಕಟ್ಟುವವರ ಜೊತೆ ಒಡನಾಟ ಇರುವವರು ದಯವಿಟ್ಟು ಹೇಳಿ. ಈ ಭಾಗದ ವಾದ್ಯಗಳು ಹೆಚ್ಚಾಗಿ ಅಲ್ಲಿಂದಲೇ ಬರುವುದರಿಂದ ಅವರ ಮಾತಿಗೆ ತೂಕ ಜಾಸ್ತಿ.

ಕೆಳಗಿನದಕ್ಕೆ, ಅಂದರೆ ‘ಬ್ರಿಜ್’ಗೆ, ಬರೀ ‘ಕುದುರೆ’ ಸಾಕು. ವೀಣೆ ತಂಬೂರಿಗಳಲ್ಲಿ ಮೊದಲಿಂದಲೂ ಇದೇ ಹೆಸರು. ಹಿಂದಿ, ಮರಾಠಿಯಲ್ಲೂ ‘ಘೋಡಿ’, ಅದೂ ಕುದುರೆಯೇ. ಅಲ್ಲಲ್ಲಿ ‘ಸೇತುವೆ’ ಎಂಬ ಅನುವಾದ ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಅದನ್ನು ಬಿಟ್ಟುಬಿಡೋಣ. ತಂತಿ ಸೇತುವೆ ದಾಟಿ ಹೋಗುವುದಿಲ್ಲ. ಅದು ಕುದುರೆಯ ಬೆನ್ನ ಮೇಲೆ ಭಾರ ಹಾಕಿ ಕೂರುತ್ತದೆ. ಆ ಭಾರವೇ ಡಬ್ಬಿಯ ಮುಚ್ಚಳವನ್ನು ಅದುರಿಸುತ್ತದೆ, ಅದರಿಂದಲೇ ದನಿ ದೊಡ್ಡದಾಗುತ್ತದೆ. ಹಾಗಾಗಿಯೇ ಡಬ್ಬಿಯೊಳಗೆ ಹಾಯುವ ಕೋಲನ್ನು ಮುಚ್ಚಳದ ಕೆಳಗೆ ಎರಡು ಮೂರು ಮಿಲಿಮೀಟರ್ ಕೆತ್ತಿ ತಗ್ಗಿಸಬೇಕು. ಕೋಲು ಮುಚ್ಚಳಕ್ಕೆ ತಗಲಿದರೆ ಅದು ಅದುರುವುದಿಲ್ಲ, ದನಿ ಸತ್ತಂತಾಗುತ್ತದೆ. ಡಬ್ಬಿಯ ಹಿಂತುದಿಯಲ್ಲಿ ತಂತಿ ಸಿಕ್ಕಿಸಲು ಬಾಗಿಲಿನ ಬಿಜಾಗ್ರಿ ಹೊಡೆಯುತ್ತೇವೆ. ಆ ಪದ ಇಲ್ಲಿ ಎಲ್ಲರಿಗೂ ಗೊತ್ತು, ಚರ್ಚೆ ಬೇಡ.

ಕೋಲಿಗೆ ಇಂಗ್ಲಿಷಿನ ‘ನೆಕ್’ ನೋಡಿ ‘ಕುತ್ತಿಗೆ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ‘ದಂಡಿಗೆ’ ಇರುವಾಗ ಯಾಕೆ ಬೇಕು? ಬಸವಣ್ಣನವರ ವಚನದಲ್ಲಿ ಕಾಯ ದಂಡಿಗೆಯಾಗುತ್ತದೆ, ಶಿರ ಸೋರೆಯಾಗುತ್ತದೆ, ನರ ತಂತಿಯಾಗುತ್ತದೆ, ಬೆರಳು ಕಡ್ಡಿಯಾಗುತ್ತದೆ. ಒಂದು ವಾದ್ಯದ ಭಾಗಗಳ ಪಟ್ಟಿಯೇ ಅಲ್ಲಿ ಸಿಗುತ್ತದೆ. ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ, ಆ ವಚನ ನಮ್ಮ ಮಕ್ಕಳ ಬಾಯಲ್ಲೂ ಇದೆ. ತೊಡಕು ಒಂದೇ. ಪುರಂದರದಾಸರು ದಂಡಿಗೆ, ಬೆತ್ತ ಹಿಡಿಯುವ ಮಾತಾಡುವಾಗ ದಂಡಿಗೆ ಅಂದರೆ ಇಡೀ ತಂಬೂರಿ. ಭಾಗಕ್ಕೂ ವಾದ್ಯಕ್ಕೂ ಒಂದೇ ಪದ ಇದ್ದರೆ ಕೈಪಿಡಿಯಲ್ಲಿ ಗೊಂದಲ ಆಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ, ಮಾತಿನ ಸಂದರ್ಭ ಅರ್ಥ ಬಿಡಿಸಿಕೊಡುತ್ತದೆ. ‘ದಂಡಿ’ ಅಂತ ಚಿಕ್ಕದು ಮಾಡಿದರೆ ಮಾತ್ರ ನಮ್ಮ ಕಡೆ ಹೊಳೆದಂಡಿ ನೆನಪಾಗುತ್ತದೆ.

ದಂಡಿಗೆಯ ಮೇಲೆ ಸ್ವರಗಳ ಜಾಗ ತೋರಿಸುವ ಅಡ್ಡಪಟ್ಟಿ, ಅಂದರೆ ‘ಫ್ರೆಟ್’ಗೆ ವೀಣೆಯವರು ಮೆಟ್ಟಿಲು ಅನ್ನುತ್ತಾರೆ, ಸಿತಾರಿನವರು ಪಡದಾ. ಡಬ್ಬಿ ಗಿಟಾರಿನಲ್ಲಿ ಎಷ್ಟೋ ಸಲ ಉಬ್ಬಿದ ಮೆಟ್ಟಿಲೇ ಇರುವುದಿಲ್ಲ. ದಂಡಿಗೆಯ ಮೇಲೆ ಪೆನ್ನಿನ ಗೆರೆ ಇರುತ್ತದೆ, ತಂತಿಯ ಮೇಲೆ ಗಾಜಿನ ಸಣ್ಣ ಬಾಟಲಿ ಜಾರಿಸಿ ನುಡಿಸುತ್ತಾರೆ. ಕಾಲಿಡಲು ಮೆಟ್ಟಿಲಿಲ್ಲದಿದ್ದರೂ ಆ ಗೆರೆಗೆ ಮೆಟ್ಟಿಲು ಅನ್ನಬಹುದೇ? ಸದ್ಯಕ್ಕೆ ‘ಸ್ವರಗೆರೆ’ ಅಂತ ಬರೆದಿದ್ದೇನೆ. ಕುದುರೆಯಿಂದ ಕುದುರೆಗೆ 25 ಇಂಚು, ಅಂದರೆ 635 ಮಿಲಿಮೀಟರ್ ಇಟ್ಟರೆ, ಅದನ್ನು 17.817ರಿಂದ ಭಾಗಿಸಿ 35.6 ಮಿಲಿಮೀಟರಿಗೆ ಮೊದಲ ಗೆರೆ. ಉಳಿದ ಉದ್ದವನ್ನು ಮತ್ತೆ ಅಷ್ಟರಿಂದಲೇ ಭಾಗಿಸಿದರೆ ಎರಡನೆಯದು. ಹೀಗೆ ಹೋಗುತ್ತಾ ಹನ್ನೆರಡನೆಯ ಗೆರೆ ಸರಿಯಾಗಿ ಅರ್ಧಕ್ಕೆ, 317.5ಕ್ಕೆ ಬೀಳುತ್ತದೆ. ಮಕ್ಕಳಿಗೆ ಇದನ್ನು ಇನ್ನೂ ಸುಲಭ ಮಾಡಿದ್ದೇನೆ: ಮೇಲಿನ ಕುದುರೆಯಿಂದ ಅರ್ಧಕ್ಕೆ ತಾರಕ ಸ, ಮೂರನೇ ಒಂದು ಭಾಗಕ್ಕೆ ಪ, ಕಾಲು ಭಾಗಕ್ಕೆ ಮ. ಭಜನೆಯಲ್ಲಿ ಕೂತು ಗೊತ್ತಿರುವ ಹುಡುಗರು ಇದನ್ನು ಕೂಡಲೇ ಹಿಡಿದುಕೊಂಡರು.

ಶ್ರುತಿ ಹೇಳುವಾಗಲೂ ಹಾಗೇ. ಅಮೆರಿಕದವರು ಮೂರು ತಂತಿಯನ್ನು ಜಿ, ಡಿ, ಜಿ ಅಂತ ಕೂಡಿಸುತ್ತಾರೆ. ಅಂಗಡಿಯ ಗಿಟಾರ್ ತಂತಿಗಳ ಸೆಟ್ಟಿನಲ್ಲಿ ಐದು, ನಾಲ್ಕು, ಮೂರನೆಯದು ತೆಗೆದು, ಐದನೆಯದನ್ನು ಸ್ವಲ್ಪ ಇಳಿಸಿದರೆ ಸಾಕು. ಹಾರ್ಮೋನಿಯಂ ಗೊತ್ತಿರುವವರಿಗೆ ಜಿ ಅಂದರೆ ಬಿಳಿ ಐದು. ಬಿಳಿ ಐದನ್ನು ಸ ಮಾಡಿಕೊಂಡರೆ ಮೂರು ತಂತಿ ಸ, ಪ, ಸ. ಕೈಪಿಡಿಯಲ್ಲಿ ಇಷ್ಟೇ ಬರೆದಿದ್ದೇನೆ.

ಇನ್ನೊಂದು ಪ್ರಶ್ನೆ ‘ಜವಾರಿ’ ಬಗ್ಗೆ. ತಂಬೂರಿಯ ಕುದುರೆಯ ಬೆನ್ನು ಅಗಲ. ಅದನ್ನು ಸಣ್ಣಗೆ ಉಜ್ಜಿ ಇಳಿಜಾರು ಕೊಟ್ಟು, ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಝೇಂಕಾರ ಬರಿಸುತ್ತಾರೆ. ಅದಕ್ಕೆ ಜವಾರಿ ಅಂತ ಹೆಸರು. ನಮ್ಮ ಡಬ್ಬಿ ಗಿಟಾರಿನ ಕೆಳಗಿನ ಕುದುರೆಯೂ ಬೋಲ್ಟೇ; ಅದರ ಮೇಲೆ ತಂತಿ ಒಂದೇ ಗೆರೆಯಲ್ಲಿ ತಾಗುವುದರಿಂದ ಆ ಝೇಂಕಾರ ಇಲ್ಲ. ಹುಡುಗನೊಬ್ಬ ಬೋಲ್ಟ್ ತೆಗೆದು, ಸಾಗುವಾನಿ ಚೂರನ್ನು ಮರಳು ಕಾಗದದಲ್ಲಿ ಉಜ್ಜಿ ಕೂರಿಸಿದ. ತಾಯಿಯ ಹೊಲಿಗೆ ಡಬ್ಬಿಯಿಂದ ಎಳೆ ತಂದು ತಂತಿಯ ಕೆಳಗೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದ. ಒಂದು ಜಾಗಕ್ಕೆ ಬಂದಾಗ ಬಿಸ್ಕಿಟ್ ಡಬ್ಬಿಯೊಳಗಿಂದ ತಂಬೂರಿಯ ಗುಂಗು ಎದ್ದಿತು. ಸುತ್ತ ಇದ್ದವರೆಲ್ಲ ಕೆಲಸ ಬಿಟ್ಟು ಬಂದರು. ಆಗ ಅವನೇ ಕೇಳಿದ ಪ್ರಶ್ನೆ ಇದು: ಈ ಜವಾರಿಯೂ ನಾವು ಸಂತೆಯಲ್ಲಿ ಕೇಳುವ ಜವಾರಿ ಮೆಣಸಿನಕಾಯಿ, ಜವಾರಿ ಕೋಳಿಯ ಜವಾರಿಯೂ ಒಂದೇ ಪದವೇ? ಒಂದು ಝೇಂಕಾರ, ಇನ್ನೊಂದು ಊರ ತಳಿ. ಉಚ್ಚಾರ ಒಂದೇ ಆದರೂ ಮೂಲ ಬೇರೆ ಇರಬಹುದು. ಬಲ್ಲವರು ಬಿಡಿಸಿ ಹೇಳಬೇಕು.

ಸವದತ್ತಿ ಕಡೆಯವರಿಗೆ ಪ್ರತ್ಯೇಕ ಕೋರಿಕೆ. ಎಲ್ಲಮ್ಮನ ಜೋಗತಿಯರ ಚೌಡಿಕೆಯಲ್ಲೂ ಮರದ ಕೊಳಗ, ತಳಕ್ಕೆ ಚರ್ಮ, ಪಕ್ಕಕ್ಕೆ ಕೋಲು, ಕೋಲಿನ ತುದಿಗೆ ತಂತಿ ಬಿಗಿಯುವ ಬಿರಡೆ ಇರುತ್ತದೆ. ನಮ್ಮ ಡಬ್ಬಿ ಗಿಟಾರಿಗೆ ಅದಕ್ಕಿಂತ ಹತ್ತಿರದ ನೆಂಟ ಈ ಭಾಗದಲ್ಲಿಲ್ಲ. ಆ ಕೋಲಿಗೆ, ಆ ಬಿರಡೆಗೆ ಜೋಗತಿಯರು ಏನಂತಾರೆ? ಗೂಟ ಅಂತಾರಾ, ಖುಂಟಿ ಅಂತಾರಾ, ಬೇರೆ ಏನಾದರೂ ಇದೆಯಾ?

ಉತ್ತರ ಬರೆಯುವಾಗ ಪದದ ಜೊತೆ ಅದನ್ನು ಯಾವ ಊರಲ್ಲಿ, ಯಾವ ಕೆಲಸದವರ ಬಾಯಲ್ಲಿ ಕೇಳಿದಿರಿ ಅನ್ನುವುದನ್ನೂ ಬರೆಯಿರಿ. ನಿಘಂಟಿನ ಪದಗಳನ್ನು ನಾನು ನೋಡಿಕೊಳ್ಳಬಲ್ಲೆ. ನನಗೆ ಬೇಕಿರುವುದು ಕೈಯಲ್ಲಿ ಉಳಿ ಹಿಡಿದವರು ಆಡುವ ಮಾತು.