ನೋವಿಲ್ಲ ಅಂದ್ರೆ ಮೂಳೆ ಕೂಡ್ಕೊಂಡಿದೆ ಅಂತಾನಾ? ನರಕ್ಕೂ ಮೂಳೆಗೂ ಏನು ಸಂಬಂಧ?

ಹೊಂಗೆನೆರಳು:
ನಮ್ಮಪ್ಪಂಗೆ ಶುಗರ್ ಬಂದು ತುಂಬಾ ವರ್ಷ ಆಯ್ತು, ಪಾದದಲ್ಲಿ ಜೋಮು ಮೊದ್ಲಿಂದಾನೂ ಇದೆ. ಈಗ ಆಂಕಲ್ ಹತ್ರ ಮೂಳೆ ಮುರಿದು ಪ್ಲಾಸ್ಟರ್ ಹಾಕಿದಾರೆ. ನೋವೇ ಇಲ್ಲ, ವಾಸಿ ಆಗಿದೆ, ಬಿಚ್ಚಿಸಿ ನಡೀತೀನಿ ಅಂತ ಹಟ ಹಿಡಿದಿದಾರೆ. ಡಾಕ್ಟ್ರು ಇನ್ನೊಂದು ಪಾದಕ್ಕೆ ನೈಲಾನ್ ಎಳೆ ತಾಗಿಸಿ, ಟ್ಯೂನಿಂಗ್ ಫೋರ್ಕ್ ಇಟ್ಟು ನೋಡಿ "ನರ ವೀಕ್ ಇದೆ, ಇವ್ರಿಗೆ ಬೇರೆಯವ್ರಿಗಿಂತ ಜಾಸ್ತಿ ದಿನ ಕಾಲು ಊರೋಕೆ ಬಿಡಲ್ಲ" ಅಂದ್ರು. ಮುರಿದಿರೋದು ಮೂಳೆ, ಟೆಸ್ಟ್ ಮಾಡಿದ್ದು ನರ, ಯಾಕೆ ಅಂತ ಅರ್ಥ ಆಗ್ಲಿಲ್ಲ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಅಸ್ಥಿಮಜ್ಜೆ:
ಡಾಕ್ಟ್ರು ಸರಿಯಾಗೇ ನೋಡಿದಾರೆ. ಮೂಳೆ ಅಂದ್ರೆ ಕಲ್ಲಿನ ಥರ ಜಡ ಅಂತ ಅನ್ಕೋತೀವಿ, ಆದ್ರೆ ಅದರ ಮೇಲಿರೋ ತೆಳು ಪೊರೆ, ಪೆರಿಯಾಸ್ಟಿಯಂ ಅಂತಾರಲ್ಲ, ಅದರ ತುಂಬಾ ಸೆನ್ಸರಿ ನರಗಳ, ಅಂದ್ರೆ ಸ್ಪರ್ಶ-ನೋವು ತಿಳಿಸೋ ನರಗಳ ಬಲೆ ಇದೆ, ಮುರಿದಾಗ ಪ್ರಾಣ ಹೋಗೋ ಅಷ್ಟು ನೋವಾಗೋದು ಅದ್ರಿಂದಾನೇ. ಮುರಿದ ಜಾಗದಲ್ಲಿ ಎನ್‌ಜಿಎಫ್ ಅನ್ನೋ ಪ್ರೋಟೀನ್ ಜಾಸ್ತಿ ಆಗುತ್ತೆ, ಆ ನರಗಳ ಮೇಲೆ ಅದನ್ನ ಹಿಡ್ಕೊಳ್ಳೋ ಟ್ರ್ಕ್-ಎ ಅನ್ನೋ ರಿಸೆಪ್ಟರ್ ಇರುತ್ತೆ, ಸಿಗ್ನಲ್ ಸಿಕ್ಕಿದ ತಕ್ಷಣ ನರ ಹೊಸ ಚಿಗುರು ಬಿಟ್ಕೊಂಡು ಗಾಯದೊಳಗೆ ಬೆಳೆಯುತ್ತೆ. 2019ರಲ್ಲಿ ಇಲಿಗಳಲ್ಲಿ ಈ ಟ್ರ್ಕ್-ಎ ಕೆಲಸ ತಡೆದು ನೋಡಿದ್ರು: ನರದ ಎಳೆ ಕಮ್ಮಿ ಆಯ್ತು, ಹೊಸ ರಕ್ತನಾಳ ಸರಿಯಾಗಿ ಬರ್ಲಿಲ್ಲ, ಕ್ಯಾಲಸ್, ಅಂದ್ರೆ ಮುರಿದ ಜಾಗ ಬೆಸೆಯೋಕೆ ಮೊದ್ಲು ಬರೋ ಗಂಟು, ಗಟ್ಟಿ ಮೂಳೆ ಆಗೋದು ತಡ ಆಯ್ತು. ನರದ ತುದಿಯಿಂದ ಸಿಜಿಆರ್‌ಪಿ ಅಂತ ಒಂದು ಪುಟ್ಟ ಪೆಪ್ಟೈಡ್ ಬರುತ್ತೆ, 37 ಅಮೈನೋ ಆಮ್ಲ ಅಷ್ಟೇ, ಅದು ರಕ್ತನಾಳ ಹಿಗ್ಗಿಸುತ್ತೆ, ಮೂಳೆ ಕಟ್ಟೋ ಜೀವಕೋಶಗಳನ್ನೂ ಹುರಿದುಂಬಿಸುತ್ತೆ. ಮೆಗ್ನೀಷಿಯಂ ಇಂಪ್ಲಾಂಟ್ ಇಟ್ರೆ ಸುತ್ತ ಹೊಸ ಮೂಳೆ ಯಾಕೆ ಬೆಳೆಯುತ್ತೆ ಅಂತ 2016ರಲ್ಲಿ ಹುಡುಕಿದಾಗಲೂ ಸಿಕ್ಕಿದ್ದು ಇದೇ ಸಿಜಿಆರ್‌ಪಿ. ನಂಗಂತೂ ಇದು ಈ ವಿಷಯದಲ್ಲೇ ತುಂಬಾ ಚೆಂದದ ಭಾಗ, ನೋವು ಹೇಳೋ ನರಾನೇ ರಿಪೇರಿಗೂ ಕೈ ಜೋಡಿಸುತ್ತೆ.

ಮೊಣಕಾಲ್ಚಿಪ್ಪು:
ಆರ್ಥೋ ಪಿಜಿ ನಾನು. ಮೇಲೆ ಹೇಳಿದ್ದು ನಿಜ, ಆದ್ರೆ ನರ ಇಲ್ದಿದ್ರೆ ಮೂಳೆ ಕೂಡೋದೇ ಇಲ್ಲ ಅಂತ ಅನ್ಕೋಬೇಡಿ. ಇಲಿಗಳಿಗೆ ಎನ್‌ಜಿಎಫ್ ತಡೆಯೋ ಆಂಟಿಬಾಡಿ ಕೊಟ್ಟಾಗ ನೋವು ಕಮ್ಮಿ ಆಗಿ ಮೂಳೆ ಕೂಡೋದ್ರಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಕಾಣದೇ ಇರೋ ಪ್ರಯೋಗಾನೂ ಇದೆ. ಕ್ಯಾಪ್ಸೈಸಿನ್ (ಮೆಣಸಿನಕಾಯಿಯ ಖಾರದ ಅಂಶ) ಕೊಟ್ಟು ಸೆನ್ಸರಿ ನರ ಕೆಡಿಸಿದ ಪ್ರಾಣಿಗಳಲ್ಲಿ ಕ್ಯಾಲಸ್ ದೊಡ್ಡದಾಗೇ ಬಂದು ಗಟ್ಟಿತನ ಮಾತ್ರ ಕಮ್ಮಿ ಇದ್ದಿದ್ದೂ ಇದೆ, ಅಂದ್ರೆ ಎಕ್ಸ್-ರೇಲಿ ದಪ್ಪ ಕಂಡ್ರೆ ಸಾಲ್ದು. ಮನುಷ್ಯರಲ್ಲಿ ನೋಡ್ಬೇಕು ಅಂದ್ರೆ ಎನ್‌ಟಿಆರ್‌ಕೆ1 ಜೀನ್ (ಮೇಲೆ ಹೇಳಿದ ಟ್ರ್ಕ್-ಎ ಮಾಡೋ ಜೀನ್) ಕೆಟ್ಟು ಹುಟ್ಟಿನಿಂದಾನೇ ನೋವು ಗೊತ್ತಾಗದ ಮಕ್ಕಳಿದಾರೆ, ಅವ್ರಿಗೆ ಪದೇ ಪದೇ ಮುರಿಯುತ್ತೆ, ಸರಿಯಾಗಿ ಕೂಡಲ್ಲ, ಕೀಲುಗಳೂ ಹಾಳಾಗುತ್ವೆ. ಆದ್ರೆ ನೋವಿಲ್ದೇ ಮುರಿದ ಕಾಲಲ್ಲೇ ಓಡಾಡ್ತಾರೆ ಅನ್ನೋದೂ ಅದ್ರಲ್ಲಿ ಸೇರಿರೋದ್ರಿಂದ ಯಾವ್ದು ಎಷ್ಟು ಕಾರಣ ಅಂತ ಬೇರೆ ಮಾಡೋದು ಕಷ್ಟ.

ಶುಗರ್‌ನಿಂದ ನರ ಕೆಟ್ಟಿರೋದ್ರಿಂದ ನಿಮ್ಮ ತಂದೆಗೂ ಎರಡೂ ಅಪಾಯ ಇದೆ: ರಿಪೇರಿ ನಿಧಾನ ಆಗ್ಬೋದು, ಅರ್ಧ ಕೂಡಿರೋ ಮೂಳೆ ಮೇಲೆ ಭಾರ ಬಿದ್ರೂ ನೋವು ಬಂದು ತಡೆಯಲ್ಲ. ದಯವಿಟ್ಟು ನಡೆಯೋಕೆ ಬಿಡ್ಬೇಡಿ.

ಹೊಂಗೆನೆರಳು:
ತುಂಬಾ ಥ್ಯಾಂಕ್ಸ್ ಇಬ್ರಿಗೂ, ಅಪ್ಪಂಗೆ ಓದಿ ಹೇಳ್ದೆ. ಇನ್ನೊಂದು ಡೌಟು, ನರ ಅಷ್ಟು ಮುಖ್ಯ ಅಂದ್ಮೇಲೆ ನೋವಿನ ಮಾತ್ರೆ ತಗೊಂಡ್ರೂ ಮೂಳೆಗೆ ತೊಂದ್ರೇನಾ? ನಮ್ಮಣ್ಣಂಗೂ ಕೈ ಮುರಿದಿತ್ತು, ಅವ್ನು ಹೆದರಿ ಮಾತ್ರೇನೇ ಮುಟ್ತಿರ್ಲಿಲ್ಲ.

ಅಸ್ಥಿಮಜ್ಜೆ:
ಹಾಗೇನಿಲ್ಲ, ಪ್ಯಾರಾಸಿಟಮಾಲ್ ನರ ಕೊಲ್ಲಲ್ಲ, ಸುಮ್ನೆ ನೋವು ತಡ್ಕೊಂಡು ಒದ್ದಾಡೋದು ಬೇಡ. ಐಬುಪ್ರೊಫೆನ್ ಥರದ್ದು ಮಾತ್ರ ಡಾಕ್ಟ್ರನ್ನ ಕೇಳಿ ತಗೊಳ್ಳಿ, ಅವು ತಡೆಯೋ ಪ್ರೋಸ್ಟಗ್ಲಾಂಡಿನ್ ಅನ್ನೋ ದೇಹದ ರಾಸಾಯನಿಕ ಮೂಳೆ ಕಟ್ಟೋಕೂ ಬೇಕು, ಶುಗರ್ ಇರೋರಿಗೆ ಕಿಡ್ನಿ ವಿಷ್ಯಾನೂ ನೋಡ್ಬೇಕು. ನೀವು ಕೇಳಿದ ಭಯ ಬೇರೆ ಕಡೆ ನಿಜ ಆಗಿತ್ತು: ಟಾನೆಜುಮ್ಯಾಬ್ ಅಂತ ಎನ್‌ಜಿಎಫ್ ತಡೆಯೋ ಇಂಜೆಕ್ಷನ್ ಕೀಲುನೋವಿಗೆ ಅಂತ ಮಾಡಿದ್ರು, ನೋವು ಇಳೀತು, ಆದ್ರೆ ಕೆಲವ್ರಿಗೆ ಕೀಲು ಬೇಗ ಬೇಗ ಸವೆದು ಹೋಯ್ತು, 2010ರಲ್ಲಿ ಅಮೆರಿಕದ ಎಫ್‌ಡಿಎ ಟ್ರಯಲ್ ತಡೆದು, ಆಮೇಲೆ ಮತ್ತೆ ಶುರುವಾಗಿ, 2021ರಲ್ಲಿ ಕಂಪನಿನೇ ಕೈಬಿಟ್ಟಿತು.

ಮೊಣಕಾಲ್ಚಿಪ್ಪು:
ಒಂದು ಸೇರಿಸ್ತೀನಿ. ಪ್ಲಾಸ್ಟರ್ ಬಿಚ್ಚಿದ ಮೇಲೂ ದಿನಾ ಎರಡೂ ಪಾದ ಮುಟ್ಟಿ ನೋಡಿ, ಅವ್ರಿಗೇ ಬಿಡ್ಬೇಡಿ, ನೀವು ಮುಟ್ಟಿ. ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಇದ್ದು, ಕೆಂಪಗೆ ಊದ್ಕೊಂಡಿದ್ರೆ ನೋವಿಲ್ದಿದ್ರೂ ಅವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಅದು ಚಾರ್ಕೋ ಪಾದದ ಶುರು ಇರ್ಬೋದು, 1868ರಲ್ಲೇ ಚಾರ್ಕೋ ಅನ್ನೋ ಫ್ರೆಂಚ್ ಡಾಕ್ಟ್ರು ನರ ಕೆಟ್ಟೋರ ಕೀಲು ಹೀಗೆ ಕುಸಿಯೋದನ್ನ ಬರೆದಿದ್ರು, ಈಗ ಅದು ಹೆಚ್ಚಾಗಿ ಬರೋದು ಶುಗರ್ ಇರೋರಿಗೇ. ಬೇಗ ಹಿಡಿದು ಭಾರ ಇಳಿಸಿದ್ರೆ ಪಾದದ ಆಕಾರ ಉಳಿಸ್ಬೋದು.