ಮನೆಯಲ್ಲೇ ಮಾಡಿದ ಥ್ರಸ್ಟ್ ಸ್ಟ್ಯಾಂಡ್: ಒಂದೇ ಥ್ರಾಟಲ್‌ಗೆ ಎರಡು ರೀಡಿಂಗ್ ಯಾಕೆ?

ಪ್ರಶ್ನೆ:
ಪ್ರೊಪೆಲ್ಲರ್ ಎಷ್ಟು ಬಲವಾಗಿ ತಳ್ಳುತ್ತದೆ (ಅದೇ ಥ್ರಸ್ಟ್) ಅಂತ ಅಳೆಯೋಕೆ ಮರದ ಪಟ್ಟಿಯಲ್ಲಿ ಎಲ್ ಆಕಾರದ ತೋಳು ಮಾಡಿ, ಮೂಲೆಯಲ್ಲಿ ಒಂದು ಬೋಲ್ಟ್ ಹಾಕಿ ತಿರುಗುವ ಹಾಗೆ ಕೂರಿಸಿದ್ದೇನೆ. ನಿಂತ ತೋಳಿನ ತುದಿಗೆ ಮೋಟರ್. ಮಲಗಿದ ತೋಳಿನ ತುದಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ. ಎರಡೂ 20 ಸೆಂ.ಮೀ. ಮೋಟರ್ 2212 ಸೈಜಿನದು, 1000 ಕೆವಿ (ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), 10 ಇಂಚಿನ ಪ್ರೊಪೆಲ್ಲರ್, 3ಎಸ್ (ಮೂರು ಸೆಲ್ ಇರುವ) ಬ್ಯಾಟರಿ. ಥ್ರಾಟಲ್ ಏರಿಸುತ್ತಾ ಅರ್ಧಕ್ಕೆ ಬಂದಾಗ 310 ಗ್ರಾಂ ತೋರಿಸುತ್ತದೆ. ಫುಲ್ ಕೊಟ್ಟು ಇಳಿಸುತ್ತಾ ಅದೇ ಅರ್ಧಕ್ಕೆ ಬಂದರೆ 370. ಬ್ಯಾಟರಿ ಸರಿ ಇಲ್ವಾ?

ಉತ್ತರ 1:
ಬ್ಯಾಟರಿ ಅಲ್ಲ. ಅದು ಇಳಿದಿದ್ದರೆ ಎರಡನೇ ರೀಡಿಂಗ್ ಕಡಿಮೆ ಬರಬೇಕಿತ್ತು, ನಿಮಗೆ ಜಾಸ್ತಿ ಬಂದಿದೆ ಅಲ್ವಾ? ಬೋಲ್ಟ್ ಹಿಡಿಯುತ್ತಿದೆ. ಏರುವಾಗ ತೋಳನ್ನು ತಡೆಯುತ್ತದೆ, ಇಳಿಯುವಾಗ ಒತ್ತಿದಲ್ಲೇ ಹಿಡಿದಿಡುತ್ತದೆ. ಮೋಟರ್ ಆಫ್ ಮಾಡಿ, ಬ್ಯಾಟರಿ ತೆಗೆದು, ಮಲಗಿದ ತೋಳಿನ ತುದಿಯಲ್ಲಿ ಅರ್ಧ ಲೀಟರ್ ನೀರಿನಷ್ಟು, ಅಂದರೆ 500 ಗ್ರಾಂ ತೂಕ ಇಡಿ. ಆಮೇಲೆ ತೋಳನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ತಟ್ಟಿದಾಗಲೆಲ್ಲ ಅಂಕಿ ಬದಲಾಗಿ ಬೇರೆ ಕಡೆ ನಿಂತರೆ ಅದೇ ಕಾರಣ. ಬೋಲ್ಟ್ ಜಾಗಕ್ಕೆ ಎರಡು ಬಾಲ್ ಬೇರಿಂಗ್ ಹಾಕಿ. ತೋಳಿನ ತುದಿಗೆ ಕೆಳಮುಖವಾಗಿ ಒಂದು ಸ್ಕ್ರೂ ಹಾಕಿ, ಅದರ ಮೊನೆ ಮಾತ್ರ ತಕ್ಕಡಿಗೆ ತಾಗಲಿ. ಪಟ್ಟಿ ಪೂರ್ತಿ ಕೂತಿದ್ದರೆ ಎಲ್ಲಿ ಒತ್ತುತ್ತಿದೆ ಅನ್ನೋದೇ ಗೊತ್ತಾಗಲ್ಲ, 20 ಸೆಂ.ಮೀ. ಅಳತೆಗೂ ಅರ್ಥ ಇರಲ್ಲ.

ಉತ್ತರ 2:
ಇನ್ನೊಂದು ವಿಷಯ. 10 ಇಂಚಿನ ಪ್ರೊಪೆಲ್ಲರ್ ಅಂದರೆ ನಡುವಿನಿಂದ ತುದಿಗೆ ಸುಮಾರು 12.7 ಸೆಂ.ಮೀ. 20 ಸೆಂ.ಮೀ. ತೋಳಲ್ಲಿ ಕೆಳಗೆ ಉಳಿಯೋದು 7 ಚಿಲ್ಲರೆ ಅಷ್ಟೇ, ಗಾಳಿ ಮೇಜಿಗೆ ಉಜ್ಜಿಕೊಂಡೇ ಹೋಗುತ್ತದೆ. ಎರಡೂ ತೋಳು 30 ಸೆಂ.ಮೀ. ಮಾಡಿ. ಪ್ರೊಪೆಲ್ಲರ್ ಹಿಂದಿರುವ ಪಟ್ಟಿಯ ಅಗಲದ ಮುಖ ಗಾಳಿಗೆ ಎದುರಾದರೆ ಥ್ರಸ್ಟ್ ಕಡಿಮೆ ತೋರಿಸುತ್ತದೆ, ಕಿರಿದಾದ ಅಂಚು ಎದುರಿಗಿರಲಿ. ಸ್ಟ್ಯಾಂಡನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ. ದಯವಿಟ್ಟು ಪ್ರೊಪೆಲ್ಲರ್ ತಿರುಗುವ ಸುತ್ತಿನ ನೇರಕ್ಕೆ, ಪಕ್ಕದಲ್ಲಿ, ಯಾರೂ ನಿಲ್ಲಬೇಡಿ. ಒಂದು ಎಲೆ ಮುರಿದರೆ ಹಾರೋದು ಅದೇ ಕಡೆಗೆ.

ಉತ್ತರ 3:
ಮುಂದೆ ತಕ್ಕಡಿ ಬದಲು ಲೋಡ್ ಸೆಲ್ (ತೂಕ ಅಳೆಯುವ ಸೆನ್ಸರ್), ಅದರ ಸಿಗ್ನಲ್ ಓದುವ ಎಚ್‌ಎಕ್ಸ್711 ಬೋರ್ಡ್, ಆ ಅಂಕಿ ತೆಗೆದುಕೊಳ್ಳುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊಗೆ ಹೋಗಬಹುದು. ಎಚ್‌ಎಕ್ಸ್711 ಸೆಕೆಂಡಿಗೆ 10 ಅಥವಾ 80 ರೀಡಿಂಗ್ ಕೊಡುತ್ತದೆ, ಸರಾಸರಿ ತೆಗೆದರೆ ಅದುರಿದ್ದು ಕಾಣಲ್ಲ. ಆದರೆ ಬೇರಿಂಗ್ ಸರಿಮಾಡದೆ ಸುಮ್ನೆ ಅದನ್ನು ಕೊಳ್ಳಬೇಡಿ. ಅದಕ್ಕಿಂತ ಮೊದಲು ವಾಟ್ ಮೀಟರ್ ಬೇಕು. ಪ್ರತಿ ಗ್ರಾಂ ಪಕ್ಕದಲ್ಲಿ ವೋಲ್ಟೇಜೂ ವಾಟೂ ಬರೆದಿಟ್ಟರೇನೇ ಎರಡು ಪ್ರೊಪೆಲ್ಲರ್ ಹೋಲಿಸೋಕಾಗೋದು.

ಪ್ರಶ್ನೆ ಕೇಳಿದವರು:
ಬೇರಿಂಗ್, ಸ್ಕ್ರೂ ಎರಡೂ ಹಾಕಿದೆ. ಈಗ ಏರುವಾಗ 338, ಇಳಿಯುವಾಗ 342. ತುಂಬಾ ಥ್ಯಾಂಕ್ಸ್. ಉದ್ದದ ತೋಳಿಗೆ ಪಟ್ಟಿ ಕತ್ತರಿಸುತ್ತಿದ್ದೇನೆ.